ಮಸಿ ಉರಿಯುವ ಹೊತ್ತು

ಕೀಲಿಯನ್ನು ಅರ್ಧ ತಿರುಗಿಸಿದ ಕೂಡಲೇ ದೀಪ ಮತ್ತೆ ಕಣ್ಣು ಹೊಡೆಯಿತು. ಇವತ್ತಾದರೂ ಸುಮ್ಮನಿದ್ದೀತು ಎಂಬ ಆಸೆಯಿಂದ ಅವನು ಮುಖ ಕೂಡ ತೊಳೆಯದೆ ಅಂಗಳಕ್ಕೆ ಬಂದು ಲಾರಿ ಹತ್ತಿದ್ದ. ರಾತ್ರಿಯಿಡೀ ನಿಂತಿದ್ದ ಗಾಡಿ, ಯಾರೂ ಮುಟ್ಟಿಲ್ಲ, ತಾನಾಗಿ ವಾಸಿಯಾಗಲು ಅದಕ್ಕೇನು ನೆಗಡಿಯೇ? ಆದರೂ ನೋಯುವ ಹಲ್ಲಿನ ಮೇಲೆ ನಾಲಿಗೆ ಹೋದ ಹಾಗೆ ಅವನ ಕೈ ದಿನಾ ಬೆಳಿಗ್ಗೆ ಈ ಕೀಲಿಯ ಮೇಲೆ ಹೋಗುತ್ತಿತ್ತು. ಮೀಟರಿನ ಗಾಜಿನೊಳಗೆ ಹಳದಿ ಚಿತ್ರ: ಒಂದು ಡಬ್ಬಿ, ಅದರ ತುಂಬ ಚುಕ್ಕಿಗಳು. ಚುಕ್ಕಿ ಎಂದರೆ ಮಸಿ. ಹೊಗೆಯೊಳಗಿನ ಮಸಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಒಂದು ಸೈಲೆನ್ಸರಿನ ಹೊಟ್ಟೆಯಲ್ಲಿದೆ, ಅದು ತುಂಬಿದಾಗ ಗಾಡಿ ತನ್ನನ್ನು ತಾನೇ ಕಾಯಿಸಿಕೊಂಡು ಮಸಿಯನ್ನು ಸುಟ್ಟು ಹಗುರಾಗುತ್ತದೆ, ಅದಕ್ಕೆ ರೀಜನ್ ಅನ್ನುತ್ತಾರೆ ಎಂದು ಗಾಡಿ ಕೊಟ್ಟ ದಿನ ಶೋರೂಮಿನ ಮೆಕ್ಯಾನಿಕ್ ಬಾಯಿಪಾಠ ಒಪ್ಪಿಸಿದ್ದ. ಎಲ್ಲರ ಗಾಡಿಯೂ ಸುಟ್ಟುಕೊಳ್ಳುತ್ತದೆ. ಅವನದು ಮಾತ್ರ ಸುಟ್ಟುಕೊಳ್ಳುತ್ತಿರಲಿಲ್ಲ. ತುಂಬುತ್ತಿತ್ತು, ದೀಪ ಹತ್ತುತ್ತಿತ್ತು, ಶಕ್ತಿ ಸೋರಿಹೋಗಿ ಕುಂಟುತ್ತಿತ್ತು. ಶೋರೂಮಿಗೆ ಒಯ್ದರೆ ಕಂಪ್ಯೂಟರ್ ಚುಚ್ಚಿ ಬಲವಂತವಾಗಿ ಸುಡಿಸಿ ಕಳಿಸುತ್ತಿದ್ದರು. ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ಅದೇ ರಾಗ. "ಗಾಡೀಲಿ ಏನೂ ತೊಂದರೆ ಇಲ್ಲ ಸರ್, ನೀವು ಓಡಿಸೋ ರೀತೀಲೇ ಏನೋ ಇದೆ" ಎಂದು ಮೆಕ್ಯಾನಿಕ್ ಹೇಳಿದ್ದು ಮಾವನ ಎದುರಿಗೇ. ಮಾವ ಆಗ ತಲೆಯಾಡಿಸಿದ ರೀತಿ, ಇಷ್ಟು ಹೇಳಲು ಕಂಪ್ಯೂಟರ್ ಬೇಕಿತ್ತೇ ಎನ್ನುವ ಹಾಗಿತ್ತು.

ನಿನ್ನೆಯದು ನೆನಪಾಗಿ ಕಿವಿ ಬಿಸಿಯಾಯಿತು. ಊರಾಚೆಯ ಮೇಲ್ಸೇತುವೆ, ಅಂಥ ದೊಡ್ಡ ಏರೇನಲ್ಲ. ಹಾಲಿನ ಪುಡಿಯ ಕಾರ್ಖಾನೆಗೆ ಒಯ್ಯುವ ಖಾಲಿ ಡಬ್ಬಗಳ ಲೋಡು, ಅದೂ ಹಗುರವೇ. ಏರಿನ ಬುಡದಲ್ಲೇ ಗಾಡಿ ಉಸ್ಸೆಂದಿತು. ಎಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ತುಳಿದರೂ ಬೇರೆ ಯಾರದೋ ಗಾಡಿಯದನ್ನು ತುಳಿದ ಹಾಗೆ. ಹಿಂದೆ ಹಾರ್ನುಗಳ ಮೇಳ. ಹ್ಯಾಂಡಲಿಗೆ ತರಕಾರಿ ಚೀಲ ತೂಗುಹಾಕಿಕೊಂಡ ಸೈಕಲ್ಲಿನವನೊಬ್ಬ ಕಿಟಕಿಯ ಸಮಕ್ಕೆ ಬಂದು, ಒಂದು ಕ್ಷಣ ಕನಿಕರದಿಂದ ನೋಡಿ, ತುಳಿದುಕೊಂಡು ಮುಂದೆ ಹೋದ. ಪಕ್ಕದ ಸೀಟಿನಲ್ಲಿದ್ದ ಮಾವ ಸ್ಟೀಲ್ ಲೋಟದಿಂದ ಚಹಾ ಒಂದು ಗುಟುಕು ಹೀರಿ, ಲೋಟವನ್ನು ಎದುರಿನ ಸ್ಟ್ಯಾಂಡಿನಲ್ಲಿಟ್ಟು, ಬಹಳ ಮರ್ಯಾದೆಯಿಂದ ಕೇಳಿದರು: "ಇಳಿದು ತಳ್ಳಲೇನಪ್ಪ?" ಅವನು "ಹೂಂ" ಎಂದುಬಿಟ್ಟ. ಬೇಕೆಂದು ಅಂದದ್ದಲ್ಲ. ಮಾವ ಏನು ಕೇಳಿದರೂ ಬಾಯಿಗೆ ಮೊದಲು ಬರುವುದು ಅದೇ, ಅರ್ಥ ಆಮೇಲೆ ಬರುತ್ತದೆ. ಬೀದಿಯವರು ಅವನಿಗೆ ಹೂಂ ಅಳಿಯ ಎಂದು ಹೆಸರಿಟ್ಟದ್ದೂ ಸುಮ್ಮನೆ ಅಲ್ಲ. ಮಾವನ ಮನೆಯಲ್ಲೇ ಇರುವ ಅಳಿಯ, ಮಾವನ ಅಂಗಳದಲ್ಲಿ ಗಾಡಿ ನಿಲ್ಲಿಸುವವನು. ಕಣ್ಣಿನ ತೊಂದರೆಯಿಂದ ಮಾವನ ಲೈಸೆನ್ಸ್ ಹೋದ ಮೇಲೆ, ಹಳೇ ಲಾರಿಯ ಬದಲು ಬಂದ ಈ ಹೊಸ ಲಾರಿ ಅವನ ಹೆಸರಿನಲ್ಲಿತ್ತು. ಕಾಗದದಲ್ಲಿ ಮಾಲೀಕ ಅವನೇ. ಬೀದಿಯ ಬಾಯಲ್ಲಿ ಅದು ಯಜಮಾನರ ಲಾರಿ. ನಿನ್ನೆ ಡಬ್ಬಗಳನ್ನು ಇಳಿಸದೆಯೇ ಹೊರಳಿ ಬಂದಾಗ ಗೇಟಿನ ಹತ್ತಿರ ಮಾವ, "ನಾಳೆ ಮಧ್ಯಾಹ್ನ ಗ್ಯಾಸ್ ಕಟಿಂಗಿನವನಿಗೆ ಬರೋಕೆ ಹೇಳ್ತೀನಿ. ಆ ಸೈಲೆನ್ಸರ್ ಡಬ್ಬಿ ಕೊಯ್ದು ಒಳಗಿರೋದನ್ನೆಲ್ಲ ತೆಗೆದು ಬಿಸಾಕಿಸಿಬಿಡೋಣ" ಎಂದಿದ್ದರು. ಅದಕ್ಕೂ ಅವನು ಹೂಂ ಎಂದಿದ್ದ.

ಹೂಂ ಎಂದು ಮಲಗಿದವನಿಗೆ ನಿದ್ದೆ ಬಂದಿರಲಿಲ್ಲ. ಕೊಯ್ದುಬಿಟ್ಟರೆ ಗಾಡಿ ಓಡುತ್ತದೆ, ಅದರಲ್ಲಿ ಸಂಶಯವಿಲ್ಲ, ಮಾವನ ಹಳೆಯ ಲಾರಿ ಓಡಿದ ಹಾಗೆ ಕಪ್ಪು ಕಾರಿಕೊಂಡು ಓಡುತ್ತದೆ. ಹಾಲಿನ ಪುಡಿಯ ಕಾರ್ಖಾನೆಯ ಗೇಟಿನಲ್ಲಿ ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದು ನೋಡುತ್ತಾರೆ, ಬಟ್ಟೆ ಕಪ್ಪಾದರೆ ಗಾಡಿ ಒಳಗಿಲ್ಲ. ಆ ಕೆಲಸವನ್ನು ಹಿಡಿದವನು ಅವನೇ, ಮಾವನ ಶಿಫಾರಸಿಲ್ಲದೆ, ತಾನೊಬ್ಬನೇ ಹೋಗಿ ಮಾತಾಡಿ. ಜೀವನದಲ್ಲಿ ಅಂಥದು ಅವನು ಮಾಡಿದ್ದು ಅದೊಂದೇ. ಗಾಡಿ ಬಂದ ಮೊದಲ ವಾರ ಯಾರಿಗೂ ಕಾಣದ ಹಾಗೆ ಹಿಂದೆ ಹೋಗಿ, ತಣ್ಣಗಿದ್ದ ಕೊಳವೆಯೊಳಗೆ ಬೆರಳು ಹಾಕಿ ಸುತ್ತ ಒರೆಸಿ ಹೊರತೆಗೆದಿದ್ದ. ಬೆರಳು ಹೋದ ಹಾಗೇ ಬಂತು. ಹಳೇ ಲಾರಿ ಓಡಿಸಿದಷ್ಟು ವರ್ಷ ಅವನ ಕಾಲರು ಕಪ್ಪು, ಮೂಗು ಒರೆಸಿದ ಕರ್ಚೀಫು ಕಪ್ಪು, ಉಗುರಿನ ಸಂದಿ ಕಪ್ಪು. ನೆಂಟರ ಮನೆಯ ಒಂದು ಮದುವೆಯಲ್ಲಿ ಯಾರದೋ ಮಗು ತಾನಾಗಿ ಅವನತ್ತ ಕೈ ಚಾಚಿತ್ತು. ಎತ್ತಿಕೊಳ್ಳಲು ಹೋದರೆ ಅದರ ತಾಯಿ, ಪಾಪ ಒಳ್ಳೆಯ ಹೆಂಗಸೇ, "ಕೈ ತೊಳ್ಕೊಂಡು ಬರ್ತೀರಾ?" ಎಂದಳು. ಅವನು ತೊಳೆದುಕೊಂಡೇ ಬಂದಿದ್ದ. ಹೂಂ ಎಂದು ಹೋಗಿ ನಲ್ಲಿಯ ಕೆಳಗೆ ಮತ್ತೆ ತೊಳೆದು ವಾಪಸು ಬರುವಷ್ಟರಲ್ಲಿ ಮಗು ಬೇರೆ ಯಾರದೋ ಹೆಗಲ ಮೇಲೆ ನಗುತ್ತಿತ್ತು. ಹಳೇ ಲಾರಿ ಸ್ಟಾರ್ಟ್ ಮಾಡುವ ಮೊದಲು "ಬಟ್ಟೆ!" ಎಂದು ಮನೆಯ ಕಡೆ ಕೂಗಬೇಕಿತ್ತು, ಹೆಂಡತಿ ಓಡಿಬಂದು ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋಗುತ್ತಿದ್ದಳು. ಹೊಸ ಗಾಡಿ ಬಂದು ಸ್ವಲ್ಪ ಸಮಯದ ಮೇಲೆ ಒಂದು ಬೆಳಿಗ್ಗೆ ಅವನು ಅಭ್ಯಾಸದಂತೆ ಕೂಗಿದಾಗ ಅವಳು ಬಾಗಿಲಲ್ಲಿ ಬಂದು ನಿಂತು, "ಇರಲಿ ಬಿಡಿ" ಎಂದು ಒಳಗೆ ಹೋದಳು. ಆ ದಿನ ಅವನು ಅಂಗಳದಿಂದ ಗಾಡಿ ತೆಗೆದದ್ದು ರಾಜರ ಸವಾರಿ ಹೊರಟ ಹಾಗೆ.

"ಏನಪ್ಪ, ದೀಪ ನೋಡಿ ಬಂದ್ಯಾ? ಆರಿದೆಯಾ?" ಅಡುಗೆಮನೆಯ ಮೇಜಿನ ಹತ್ತಿರ ಮಾವ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ ಕೇಳಿದರು. ಅವನು ಯಾವಾಗ ಇಳಿದು ಬಂದು ಕುಳಿತನೋ ಅವನಿಗೇ ನೆನಪಿರಲಿಲ್ಲ. ತಟ್ಟೆ ಎದುರಿಗಿತ್ತು. ಹೆಂಡತಿ ಒಲೆಯ ಕಡೆ ತಿರುಗಿ ನಿಂತಿದ್ದಳು, ಅವಳ ಬೆನ್ನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

"ಇಲ್ಲ ಮಾವ. ಕಣ್ಣು ಹೊಡೀತಿದೆ."

"ಹೊಡೀಲಿ ಬಿಡು. ಮಧ್ಯಾಹ್ನ ಮುಚ್ಚುತ್ತೆ." ತಮ್ಮ ಮಾತಿಗೆ ತಾವೇ ನಕ್ಕು ಮಾವ ಮುಂದುವರಿಸಿದರು. "ರೀಜನ್ನಂತೆ ರೀಜನ್ನು! ನಿಂತಲ್ಲೇ ಡೀಸೆಲ್ ಕುಡಿಯೋದಕ್ಕೆ ಶೋರೂಮಿನವರು ಕೊಡೋ ರೀಜನ್ನು. ಗಂಟಲಿಗೆ ಬಟ್ಟೆ ತುರುಕಿ ಹಾಡು ಅಂದ್ರೆ ಯಾವನು ಹಾಡ್ತಾನೆ? ನಮ್ಮ ಕಾಲದಲ್ಲಿ ಸೈಲೆನ್ಸರ್ ಅಂದ್ರೆ ಒಂದು ಕೊಳವೆ. ಈ ಕಡೆಯಿಂದ ನೋಡಿದ್ರೆ ಆ ಕಡೆ ಬೆಳಕು ಕಾಣ್ಬೇಕು. ಅಲ್ವೇನಪ್ಪ?"

"ಹೂಂ."

"ಅಂದಹಾಗೆ ಹೋಗಿ ನನ್ನ ಲೋಟದ ಸ್ಟ್ಯಾಂಡ್ ತೆಗೆದಿಡು. ಆ ಕಟಿಂಗಿನವನ ಕೈ ಸರಿಯಿಲ್ಲ. ಎತ್ತಿಹಾಕ್ಕೊಂಡು ಹೋದ್ರೆ ಅಂಥದು ಮತ್ತೆ ಸಿಗಲ್ಲ."

ಸ್ಟ್ಯಾಂಡು ಮಾವನದೇ ಕೈಕೆಲಸ. ದಪ್ಪ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿ, ಲೋಟ ಕೂರಲು ಒಂದು ಬಳೆ, ಡ್ಯಾಶ್‌ಬೋರ್ಡಿನ ಸಂದಿಗೆ ಸಿಕ್ಕಿಸಲು ಎರಡು ಕೊಕ್ಕೆ, ಅಲ್ಲಾಡದಿರಲೆಂದು ಕೆಳಗೊಂದು ಕಾಲು. ಗಾಡಿ ಮನೆಗೆ ಬಂದ ದಿನವೇ ಅದನ್ನು ಸಿಕ್ಕಿಸಿ, ಲೋಟ ಇಟ್ಟು, ಚಹಾ ಸುರಿಸಿ, ಗಾಡಿಯನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಲು ಹೇಳಿ, ಒಂದು ಹನಿಯೂ ಚೆಲ್ಲಲಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಘೋಷಿಸಿದ್ದರು. ಸ್ಟೇರಿಂಗ್ ಕೈತಪ್ಪಿದ ಮನುಷ್ಯನಿಗೆ ಕ್ಯಾಬಿನ್ನಿನಲ್ಲಿ ತನ್ನದು ಅನ್ನಲು ಉಳಿದಿದ್ದು ಅದೊಂದೇ. ಅದರ ಮೇಲೆ ಅವರಿಗೆ ಎಷ್ಟು ಜೀವವೆಂದರೆ, ಶೋರೂಮಿಗೆ ಹೋಗುವಾಗೆಲ್ಲ ಗೇಟಿನ ಹೊರಗೇ ಗಾಡಿ ನಿಲ್ಲಿಸಿ, ಕಳ್ಳರಿದ್ದಾರೆ ಎಂದು ಸ್ಟ್ಯಾಂಡನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿದು ಗೇಟು ದಾಟಿದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದರು. ಆ ಸ್ಟ್ಯಾಂಡನ್ನು ತೆಗೆದಿಡುವ ಗೌರವ ಇಂದು ತನಗೆ ಸಿಕ್ಕಿತಲ್ಲ ಎಂದು ಕಹಿಯಾಗಿ ಅಂದುಕೊಳ್ಳುತ್ತ ಅವನು ಲಾರಿ ಹತ್ತಿದ. ಹತ್ತಿ ಕೂತವನ ಕೈ ಮತ್ತೆ ಕೀಲಿಗೇ ಹೋಯಿತು. ಚುಕ್ಕಿಗಳ ಡಬ್ಬಿ ಕಣ್ಣು ಹೊಡೆಯಿತು. ಆಯಿತು ಮಾರಾಯ, ಇನ್ನೊಂದು ಸ್ವಲ್ಪ ಹೊತ್ತು ತಾನೆ, ಹೊಡೆದುಕೋ ಎಂದು ಅವನು ಸ್ಟ್ಯಾಂಡಿನ ಕೊಕ್ಕೆಗಳನ್ನು ಬಿಡಿಸಿ ಎಳೆದ. ಟಕ್ ಎಂದು ಎಲ್ಲೋ ಸಣ್ಣ ಸದ್ದು. ಮೀಟರಿನ ಎಡಮೂಲೆಯಲ್ಲಿ ಗಾಡಿ ಬಂದಾಗಿನಿಂದ ಉರಿಯುತ್ತಲೇ ಇದ್ದ ಪುಟ್ಟ ದೀಪವೊಂದು, ಹೊಸ ಗಾಡಿಯಲ್ಲಿ ಇಂಥವು ಇರುತ್ತವೆ ಎಂದು ಎಲ್ಲರೂ ಒಪ್ಪಿಕೊಂಡು ಮರೆತಿದ್ದುದು, ಆರಿಹೋಯಿತು.

ಅವನು ಸ್ಟ್ಯಾಂಡನ್ನು ಮತ್ತೆ ಸಿಕ್ಕಿಸಿದ. ದೀಪ ಹತ್ತಿತು. ತೆಗೆದ. ಆರಿತು. ಸಿಕ್ಕಿಸಿದ. ಹತ್ತಿತು. ಬಗ್ಗಿ ನೋಡಿದ. ಸ್ಟ್ಯಾಂಡಿನ ಕೆಳಗಿನ ಕಾಲು, ಆ ಅಲ್ಲಾಡದಿರಲೆಂದು ಇಟ್ಟ ಕಾಲು, ಯಾರೂ ಬಳಸದ ಸ್ವಿಚ್ಚುಗಳ ಸಾಲಿನಲ್ಲಿ ಒಂದರ ಕೆಳತುದಿಯನ್ನು ಹೆಬ್ಬೆರಳಿನ ಹಾಗೆ ಒತ್ತಿಹಿಡಿದಿತ್ತು. ಸ್ವಿಚ್ಚಿನ ಮೇಲೆ ಅದೇ ಚುಕ್ಕಿಗಳ ಡಬ್ಬಿ, ಅದರ ಮೇಲೊಂದು ಅಡ್ಡಗೆರೆ. ಶೋರೂಮಿನ ಮೆಕ್ಯಾನಿಕ್ಕಿಗೆ ಫೋನು ಹಚ್ಚುವ ಆತುರದಲ್ಲಿ ಬೆರಳು ತಪ್ಪಿ ಮೊದಲು ಬೇರೆ ಯಾರಿಗೋ ಹೋಯಿತು.

"ಅದು ರೀಜನ್ ಬೇಡ ಅನ್ನೋ ಸ್ವಿಚ್ ಸರ್" ಎಂದ ಮೆಕ್ಯಾನಿಕ್. "ಪೆಟ್ರೋಲ್ ಬಂಕಿನೊಳಗೆ, ಒಣಹುಲ್ಲಿನ ಹತ್ತಿರ ಇದ್ದಾಗ ಗಾಡಿ ಕಾಯೋದು ಬೇಡ ಅಂತ ಒತ್ತೋಕೆ ಇಟ್ಟಿರ್ತಾರೆ. ಅದನ್ನ ಒತ್ತೇ ಇಟ್ರೆ ಜನ್ಮದಲ್ಲಿ ರೀಜನ್ ಆಗಲ್ಲ. ಯಾರು ಒತ್ತಿದ್ರು?"

"ಯಾರು ಅಂತಿಲ್ಲ. ಒತ್ತಿತ್ತು."

"ನಾವು ನೋಡಿದಾಗೆಲ್ಲ ಸರಿ ಇತ್ತಲ್ಲ!"

"ಹೂಂ. ಇತ್ತು." ಶೋರೂಮಿಗೆ ಹೋದಾಗೆಲ್ಲ ಮಾವನ ಚೀಲ ಸೇರುತ್ತಿದ್ದ ಸ್ಟ್ಯಾಂಡು ಕಣ್ಣೆದುರು ಬಂತು. "ಡಬ್ಬಿ ದೀಪ ಕಣ್ಣು ಹೊಡೀತಾ ಇದೆ, ಈಗೇನು ಮಾಡ್ಲಿ?"

"ಕಣ್ಣು ಹೊಡೀತಿದೆ ಅಂದ್ರೆ ಇನ್ನೂ ಒಂದು ಸಲ ಒಪ್ಪುತ್ತೆ. ಸ್ಟಾರ್ಟ್ ಮಾಡಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಅದೇ ಸ್ವಿಚ್ಚನ್ನ ಮೇಲಕ್ಕೆ ಒತ್ತಿ ಹಿಡೀರಿ. ಅದು ಅರಚೋಕೆ ಶುರು ಮಾಡುತ್ತೆ, ವಾಸನೆ ಬರುತ್ತೆ, ಹೆದರಬೇಡಿ. ಹಿಂದೆ ಯಾರೂ ನಿಲ್ಲದ ಹಾಗೆ ನೋಡ್ಕೊಳ್ಳಿ, ಬೆಂಕಿ ಥರ ಬಿಸಿ. ಆಮೇಲೆ ಕ್ಲಚ್ಚು, ಬ್ರೇಕು, ಕೀಲಿ ಯಾವುದನ್ನೂ ಮುಟ್ಟಬೇಡಿ. ತಾನಾಗಿ ಇಳಿಯೋವರೆಗೂ ಬಿಟ್ಟುಬಿಡಿ. ಮಧ್ಯದಲ್ಲಿ ನಿಂತ್ರೆ ಮಾತ್ರ ಇನ್ನು ಅದು ನಮ್ಮ ಮಾತೂ ಕೇಳಲ್ಲ, ನಿಮ್ಮ ಮಾತೂ ಕೇಳಲ್ಲ. ಫಿಲ್ಟರ್ ಹೋದ ಹಾಗೇ."

ಫೋನಿಟ್ಟ ಮೇಲೆ ಅವನು ಸ್ಟ್ಯಾಂಡನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಖಪಟ್ಟ. ಸುಖವೇ ಅದು, ಬೇರೆ ಹೆಸರಿಲ್ಲ. ಇಷ್ಟು ತಿಂಗಳು ರಾತ್ರಿ ಮಗ್ಗುಲಾದಾಗೆಲ್ಲ ತನ್ನ ಬಲಗಾಲನ್ನು ತಾನೇ ವಿಚಾರಣೆ ಮಾಡಿಕೊಂಡಿದ್ದ. ಮೆತ್ತಗೆ ತುಳಿದೆನೇ, ಜೋರಾಗಿ ತುಳಿದೆನೇ, ಗೇರು ಬೇಗ ಹಾಕಿದೆನೇ. ಹಿಂದೊಮ್ಮೆ ಔಷಧಿ ಅಂಗಡಿಯ ಕೆಲಸ ಬಿಟ್ಟಾಗ ಅವನ ಅಣ್ಣ, "ನೀನು ಕೈ ಹಾಕಿದ್ದು ಯಾವುದು ದಡ ಮುಟ್ಟಿದೆ?" ಎಂದಿದ್ದು ಕೂಡ ಈ ದೀಪದ ಜೊತೆ ಕಣ್ಣು ಹೊಡೆಯುತ್ತಿತ್ತು. ತುಂಬಿಕೊಂಡೇ ಇರುವ, ಎಂದೂ ಉರಿಯದ, ಏರು ಬಂದರೆ ಕುಂಟುವ ಆ ಡಬ್ಬಿ ತನ್ನದೇ ಫೋಟೋ ಎಂದು ಅವನು ನಂಬಿಬಿಟ್ಟಿದ್ದ. ಈಗ ನೋಡಿದರೆ, ಗಾಡಿ ಪಾಪ ಪ್ರತಿಸಲವೂ ಉರಿಯಬೇಕೆಂದುಕೊಂಡಿದೆ, ಮಾವನ ಚಹಾ ಬೇಡ ಅಂದಿದೆ! ಅಂಗಳದ ನಡುವೆ ನಿಂತು, ಬೀದಿಯವರನ್ನೆಲ್ಲ ಕರೆದು, ಸ್ಟ್ಯಾಂಡನ್ನು ಎತ್ತಿ ತೋರಿಸಿ ಏನೇನು ಹೇಳಬಹುದು ಎಂದು ಅವನು ಮನಸ್ಸಿನಲ್ಲೇ ಹೇಳಿ ನೋಡಿದ. ಇಳಿದು ತಳ್ಳಬೇಕಾಗಿದ್ದವರು ಯಾರು ಮಾವ? ಇಲ್ಲ, ಇನ್ನೂ ಖಾರವಾಗಿರಬೇಕು. ಮಾತು ಹುಡುಕುತ್ತ ಬೆರಳು ತಂತಿಯ ಮೇಲೆ ಓಡಾಡುತ್ತಿತ್ತು. ಕೊಕ್ಕೆಗಳ ತುದಿ ಎಲ್ಲೂ ಚುಚ್ಚಲಿಲ್ಲ. ಹೊಸ ಗಾಡಿಯ ಪ್ಲಾಸ್ಟಿಕ್ಕಿಗೆ ಗೀರು ಬೀಳದಿರಲೆಂದು ಮಾವ ಅವನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿದ್ದರು. ಕಣ್ಣು ಸರಿಯಾಗಿ ಕಾಣದವರು ಎಷ್ಟು ಹೊತ್ತು ಕೂತು ಉಜ್ಜಿದ್ದರೋ. ಅವನಿಗೆ ಸಿಟ್ಟು ಬಂತು, ಸುಖವನ್ನು ಅರ್ಧಕ್ಕೇ ಕೆಡಿಸಿದರಲ್ಲ ಎಂದು. ಸ್ಟ್ಯಾಂಡನ್ನು ಸೀಟಿನ ಕೆಳಗೆ ತಳ್ಳಿ, ಗಾಡಿ ಸ್ಟಾರ್ಟ್ ಮಾಡಿ, ಅಂಗಳದ ನಡುವಿನ ಸಿಮೆಂಟು ನೆಲಕ್ಕೆ ತಂದು ನಿಲ್ಲಿಸಿದ. ನ್ಯೂಟ್ರಲ್. ಹ್ಯಾಂಡ್‌ಬ್ರೇಕ್. ಸ್ವಿಚ್ಚನ್ನು ಮೇಲಕ್ಕೆ ಒತ್ತಿ ಹಿಡಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಎಂಜಿನ್ನು, ಯಾರ ಕಾಲೂ ತನ್ನ ಮೇಲಿಲ್ಲದಿದ್ದರೂ, ತಾನಾಗಿ ದನಿ ಎತ್ತಿತು. ಎತ್ತುತ್ತ ಹೋಗಿ ಒಂದು ಕಡೆ ನಿಂತು ಒಂದೇ ಸಮನೆ ಅರಚತೊಡಗಿತು. ಗಾಡಿಯ ಬೆನ್ನಲ್ಲಿದ್ದ ಖಾಲಿ ಡಬ್ಬಗಳೆಲ್ಲ ಗಿಲಿಗಿಲಿ ಎಂದವು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಬಂತು, ಹೋಯಿತು, ಅವಳು ಹೊರಗೆ ಬಂದಳು. ಕಾದ ಕಬ್ಬಿಣದ ವಾಸನೆ ಅಂಗಳ ತುಂಬುತ್ತಿತ್ತು. ಅವಳು ಲಾರಿಯ ಕಿಟಕಿಯ ಕೆಳಗೆ ನಿಂತು ಮೇಲೆ ನೋಡಿದಳು.

"ಏನಾಗ್ತಿದೆ?"

"ಸುಟ್ಟುಕೊಳ್ತಿದೆ. ತಾನೇ. ಹಿಂದೆ ಯಾರನ್ನೂ ಬಿಡಬೇಡ."

"ಎಷ್ಟು ಹೊತ್ತು?"

"ಗೊತ್ತಿಲ್ಲ. ಮುಗಿಯೋವರೆಗೂ."

ಅವಳು ಅವನ ಮುಖವನ್ನು ಒಂದು ಗಳಿಗೆ ಓದಿದಳು. "ಆಗ್ಲಿ" ಎಂದಳು. ಮತ್ತೇನೂ ಕೇಳದೆ ಹಗ್ಗದ ಮೇಲಿನ ಬಟ್ಟೆಗಳನ್ನು ಗೋಡೆಯ ಕಡೆಗೆ ಸರಿಸಿ, ಎರಡು ಕುರ್ಚಿ ತಂದು ಲಾರಿಯ ಹಿಂದೆ ದೂರದಲ್ಲಿ ಅಡ್ಡ ಇಟ್ಟು, ಅದರ ಆಚೆ ಕೈಕಟ್ಟಿ ನಿಂತಳು. ಕನ್ನಡಿಯಲ್ಲಿ ಅವಳು ಕಾಣುತ್ತಿದ್ದಳು. ಬೀದಿ ಸೇರತೊಡಗಿತು. ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ತೂಗುಹಾಕಿಕೊಂಡೇ ಬಂದ. ಮಹಡಿಯ ಮೇಲಿನ ನಿವೃತ್ತ ಮಾಸ್ತರರು, "ಇದೇನ್ರೀ ಇದು, ನಿಂತಲ್ಲೇ ಓಡಿಸ್ತಿದ್ದೀರಾ?" ಎಂದು ಕೂಗಿದರು. "ಎಂಜಿನ್ ಹೋಯ್ತು" ಎಂದು ಯಾರೋ ತೀರ್ಪು ಕೊಟ್ಟರು. "ಹೂಂ ಅಳಿಯ ಒಳಗೇ ಇದಾನೆ ನೋಡಿ" ಎಂದು ಇನ್ಯಾರೋ. ಅವನಿಗೆ ಜನರ ಭಯವಿರಲಿಲ್ಲ. ಭಯವಿದ್ದದ್ದು ತನ್ನ ಬಲಗೈಯದು. ಎಷ್ಟೋ ವರ್ಷ ಪಕ್ಕದ ಸೀಟಿನಿಂದ "ಆಫ್ ಮಾಡಪ್ಪ" ಎಂಬ ಮಾತು ಬಂದ ಕೂಡಲೇ, ಸಿಗ್ನಲ್ಲಿರಲಿ ಗೇಟಿರಲಿ, ತಲೆಯನ್ನು ಕೇಳದೆ ಕೀಲಿಯತ್ತ ಹೋಗಿ ಕಲಿತ ಕೈ ಅದು. ಈಗ ಅದು ಮಡಿಲಲ್ಲಿ ಮಲಗಿ ಬೆರಳಾಡಿಸುತ್ತಿತ್ತು. ಅವನು ಅದರ ಮೇಲೆ ಕೂತುಬಿಟ್ಟ.

ಮಾವ ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲೇ ಓಡಿಬಂದರು. ಟವೆಲು ಹೆಗಲ ಮೇಲೆ, ಶರ್ಟಿನ ಗುಂಡಿ ತಪ್ಪು ತೂತಿನಲ್ಲಿ. "ಏಯ್, ಆಫ್ ಮಾಡು! ಆಫ್ ಮಾಡಪ್ಪ! ಎಂಜಿನ್ ಸುಟ್ಟುಹೋಗ್ತಿದೆ, ವಾಸನೆ ಬರ್ತಿಲ್ವಾ?" ಅವನ ಬಾಯಿ ತಾನಾಗಿ ತೆರೆದು ಹೂಂ ಅನ್ನಲು ತಯಾರಾಯಿತು. ಆ ಸದ್ದು ಗಂಟಲವರೆಗೆ ಬಂದದ್ದು ಅವನಿಗೆ ಗೊತ್ತಾಯಿತು, ಎಷ್ಟೋ ಸಲ ಬಂದ ಹಾಗೆ, ಬಂದು ಹೊರಗೆ ಬಿದ್ದು ಅವನನ್ನು ಸಣ್ಣವನನ್ನಾಗಿ ಮಾಡಿದ ಹಾಗೆ. ಅವನು ಬಾಯಿ ಮುಚ್ಚಿದ. ಮಾವ ಇನ್ನೆರಡು ಸಲ ಕೂಗಿ, ಉತ್ತರ ಬರದಿದ್ದುದಕ್ಕೆ ದಂಗಾಗಿ, ಮೆಟ್ಟಿಲು ಹತ್ತಿ, ಕಿಟಕಿಯೊಳಗೆ ಕೈ ತೂರಿಸಿದರು. ಕೈ ನೇರ ಕೀಲಿಗೆ ಹೋಯಿತು. ಕಣ್ಣು ಕಾಣದಿದ್ದರೂ ಕೀಲಿ ಎಲ್ಲಿದೆ ಎಂದು ಆ ಕೈಗೆ ಚೆನ್ನಾಗಿ ಗೊತ್ತಿತ್ತು. ಬೆರಳುಗಳು ಕೀಲಿಯನ್ನು ಹಿಡಿದೇಬಿಟ್ಟವು. ಅವನು ತನ್ನ ಬಲಗೈಯನ್ನು ಎಳೆದುಕೊಂಡು ಮಾವನ ಮಣಿಕಟ್ಟು ಹಿಡಿದ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನು ಆ ಕೈಯನ್ನು ಹೀಗೆ ಹಿಡಿದಿರಲಿಲ್ಲ. ಮೂಳೆ ಸಣ್ಣದು, ಚರ್ಮ ಸಡಿಲ, ಒಳಗೆ ನಾಡಿ ಎಂಜಿನ್ನಿಗಿಂತ ಜೋರಾಗಿ ಓಡುತ್ತಿತ್ತು. ಇದೇ ಕೈಗೆ ತಾನು ಹೆದರಿದ್ದೇ ಎಂದು ಅವನಿಗೆ ಆಶ್ಚರ್ಯವೂ ಆಯಿತು, ನಾಚಿಕೆಯೂ ಆಯಿತು. ಹಿಚುಕಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಹಿಡಿದ.

"ಊಹೂಂ" ಎಂದ.

"ಏನಂದೆ?"

"ಊಹೂಂ ಮಾವ. ಮುಗಿಯೋವರೆಗೂ ಆಫ್ ಮಾಡಲ್ಲ."

ಅಷ್ಟರಲ್ಲಿ ಗೇಟಿನ ಹತ್ತಿರ ಗಲಿಬಿಲಿ. ಗ್ಯಾಸ್ ಸಿಲಿಂಡರ್ ಇಟ್ಟ ತಳ್ಳುಗಾಡಿಯನ್ನು ನೂಕಿಕೊಂಡು ಕಟಿಂಗಿನವನು ಒಳಗೆ ಬಂದಿದ್ದ, ಹೇಳಿದ ಹೊತ್ತಿಗಿಂತ ಮೊದಲೇ, ಅಂಥ ಕೆಲಸಗಾರರು ಎಂದೂ ಬರದ ಹಾಗೆ. ಕಪ್ಪು ಕನ್ನಡಕವನ್ನು ಹಣೆಗೇರಿಸಿ ಅರಚುವ ಲಾರಿಯನ್ನೂ ಮೆಟ್ಟಿಲ ಮೇಲೆ ನೇತಾಡುತ್ತಿದ್ದ ಮುದುಕರನ್ನೂ ನೋಡಿ ಗಟ್ಟಿಯಾಗಿ ಕೂಗಿದ. "ಆಫ್ ಮಾಡಿದ್ರೆ ತಾನೆ ನಾನು ಕೊಯ್ಯೋದು? ಒಬ್ರು ಬಾ ಅಂತೀರಿ, ಒಬ್ರು ಓಡಿಸ್ತಾ ಕೂತಿದ್ದೀರಿ. ಇಲ್ಲಿ ಮಾಲೀಕರು ಯಾರು?"

ಬೀದಿಯವರೆಲ್ಲ ಮಾವನನ್ನು ನೋಡಿದರು. ಮಾವ ಉತ್ತರ ಕೊಡಲು ಉಸಿರೆಳೆದುಕೊಂಡರು.

"ನಾನು" ಎಂದ ಅವನು. ಎಂಜಿನ್ನಿನ ಅಬ್ಬರದಲ್ಲಿ ಅದು ತನಗೇ ಕೇಳಿಸಲಿಲ್ಲ ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೊಂದು ಸಲ ಕೂಗಿದ. "ನಾನು! ನಾನು ಮಾಲೀಕ! ಕೊಯ್ಯೋದು ಬೇಡ. ಗಾಡಿಯ ಹಿಂದೆ ಬರಬೇಡ, ಸುಟ್ಟುಹೋಗ್ತೀಯ. ಚಹಾ ಕುಡಿದು ಹೋಗು!"

ಮಾವನ ಬೆರಳುಗಳು ಕೀಲಿಯನ್ನು ಬಿಟ್ಟವು. ಅವನು ಮಣಿಕಟ್ಟನ್ನು ಬಿಟ್ಟ. ಮಾವ ಒಂದೊಂದೇ ಮೆಟ್ಟಿಲು ತಡಕಾಡುತ್ತ ಇಳಿದು, ಟವೆಲನ್ನು ಹೆಗಲಿಂದ ತೆಗೆದು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಹೆಗಲಿಗೆ ಹಾಕಿಕೊಂಡರು. ಇನ್ನು ಕಾಯುವುದೊಂದೇ ಉಳಿಯಿತು. ಕಾಯುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಏನನ್ನೂ ಮುಟ್ಟದೆ, ಎರಡೂ ಪಾದಗಳನ್ನು ಪೆಡಲುಗಳಿಂದ ಹಿಂದಕ್ಕೆಳೆದುಕೊಂಡು, ಶಾಲೆಯಲ್ಲಿ ಹೊರಗೆ ಕೂರಿಸಿದ ಮಗುವಿನ ಹಾಗೆ ಕೂತ. ಮೆಕ್ಯಾನಿಕ್ ಸುಳ್ಳು ಹೇಳಿದ್ದರೆ? ಮಸಿ ಮಿತಿಮೀರಿ ಡಬ್ಬಿಯೇ ಕರಗಿಹೋದರೆ? ಅಷ್ಟು ಜನರೆದುರು ನಾನು ನಾನು ಎಂದು ಕಿರುಚಿದ್ದು ಈಗಲೇ ಬೆವರು ತರಿಸುತ್ತಿತ್ತು. ಗಾಡಿ ಕೈಕೊಟ್ಟರೆ ಈ ನಾನು ಎಂಬುದನ್ನು ಬೀದಿಯವರು ಅವನು ಸಾಯುವವರೆಗೂ ಅಣಕಿಸಿ ತೋರಿಸುತ್ತಾರೆ. ಎಂಜಿನ್ನಿನ ದನಿ ಒಮ್ಮೆ ತುಸು ಇಳಿದ ಹಾಗಾಗಿ ಮತ್ತೆ ಏರಿತು. ಮಾಸ್ತರರು ಕಿಟಕಿ ಮುಚ್ಚಿಕೊಂಡರು. ಕಟಿಂಗಿನವನು ನಿಜವಾಗಿಯೂ ಚಹಾ ಕುಡಿಯುತ್ತ ಗೋಡೆಗೊರಗಿ ಕೂತಿದ್ದ. ಸಮಯ ಎಷ್ಟು ಹೋಯಿತೋ, ಅವನು ಗಡಿಯಾರ ನೋಡಲಿಲ್ಲ, ಕನ್ನಡಿ ನೋಡಿದ. ಹೆಂಡತಿ ಕುರ್ಚಿಗಳಾಚೆ ಹಾಗೇ ಕೈಕಟ್ಟಿ ನಿಂತಿದ್ದಳು. ಲಾರಿಯ ಹಿಂದಿನ ಗಾಳಿ ಬಿಸಿಗೆ ನಡುಗುತ್ತಿತ್ತು, ಅದರೊಳಗಿಂದ ಅವಳ ಮುಖವೂ ನಡುಗುತ್ತಿತ್ತು. ಆದರೆ ಅಲ್ಲಿ ಕಪ್ಪು ಇರಲಿಲ್ಲ. ಅಷ್ಟೊಂದು ಮಸಿ ಉರಿಯುತ್ತಿದೆ, ಹೊರಗೆ ಬರುವುದು ಬರೀ ಬಿಸಿ. ತನ್ನೊಳಗೂ ಏನೋ ಹೊತ್ತಿಕೊಂಡಿದೆ ಎಂದು ಅವನಿಗೆ ಅನಿಸಿತು, ಯಾರ ಮೈಗೂ ಮಸಿ ಹತ್ತಿಸದ ಹಾಗೆ, ಮದುವೆಮನೆಯ ನಲ್ಲಿ, ಅಣ್ಣನ ಮಾತು, ಸೈಕಲ್ಲಿನವನ ಕನಿಕರ ಎಲ್ಲ ಕಾಯುತ್ತ ಕಾಯುತ್ತ ಹಗುರಾಗುತ್ತಿದ್ದವು. ಅವನು ತಾನಾಗಿ ಆರಿಸದೆ ಮೊದಲ ಬಾರಿಗೆ ಏನನ್ನೋ ಉರಿಯಲು ಬಿಟ್ಟಿದ್ದ.

ಆಮೇಲೆ, ಯಾರೂ ಏನೂ ಮಾಡದೆ, ಎಂಜಿನ್ನು ಇಳಿಯಿತು. ಇಳಿದು, ತೊಟ್ಟಿಲು ನಿಂತ ಹಾಗೆ ಮೆತ್ತಗಾಯಿತು. ಡಬ್ಬಗಳ ಗಿಲಿಗಿಲಿ ನಿಂತಿತು. ಮೀಟರಿನಲ್ಲಿ ಚುಕ್ಕಿಗಳ ಡಬ್ಬಿ ಇರಲಿಲ್ಲ. ಇದ್ದ ಜಾಗ ಬರೀ ಕಪ್ಪು ಗಾಜು. ಅವನು ಅದನ್ನೇ ನೋಡುತ್ತ ಒಂದು ಗಳಿಗೆ ಕೂತು, ಆಮೇಲೆ ನಗತೊಡಗಿದ. ಗಟ್ಟಿಯಾಗಿ, ಸ್ಟೇರಿಂಗಿನ ಮೇಲೆ ಬಡಿದುಕೊಂಡು ನಕ್ಕ. ಎಕ್ಸಿಲರೇಟರನ್ನು ಒಂದು ಸಲ ತುಳಿದು ನೋಡಿದ. ಗಾಡಿ ಗುಡುಗಿತು! ಗೇಟಿನ ಹತ್ತಿರ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಸ್ಫೋಟ ನೋಡಲು ಬಂದಿದ್ದ ಟೈಲರ್ ನಿರಾಶೆಯಿಂದ ಅಂಗಡಿಗೆ ಹೋದ. ಹೆಂಡತಿ ಕುರ್ಚಿಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಅವನ ಕಿಟಕಿಯ ಕೆಳಗೆ ನಿಲ್ಲದೆಯೇ, "ಡಬ್ಬ ಕೊಟ್ಟು ಬೇಗ ಬನ್ನಿ, ಅಡುಗೆ ಆಗಿರುತ್ತೆ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು, ಅದು ಬಿಸಿಗಾಳಿಗೆ ಎಂದು ಅವನು ನಂಬಲಿಲ್ಲ.

ಅವನು ಕರೆಯಲಿಲ್ಲ. ಆದರೂ ಆ ಕಡೆಯ ಬಾಗಿಲು ತೆರೆಯಿತು. ಮಾವ ಶರ್ಟಿನ ಗುಂಡಿ ಸರಿಮಾಡಿಕೊಂಡು, ಕೈಯಲ್ಲಿ ಚಹಾದ ಲೋಟ ಹಿಡಿದು, ಹತ್ತಿ ಕೂತರು. ಲೋಟ ಇಡಲು ಕೈ ಮುಂದೆ ಚಾಚಿ, ಗಾಳಿಯಲ್ಲಿ ಹುಡುಕಿ, ಸಿಗದೆ ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡರು. ಅವನು ಗಾಡಿಯನ್ನು ಗೇಟು ದಾಟಿಸಿ ಊರಾಚೆಯ ದಾರಿ ಹಿಡಿದ. ಮೇಲ್ಸೇತುವೆ ಯಾವಾಗ ಬಂತು ಯಾವಾಗ ಹೋಯಿತು ಎಂಬುದೇ ತಿಳಿಯಲಿಲ್ಲ. ಕಾರ್ಖಾನೆಗೆ ಹೋಗುವ ದಾರಿಯ ಕೊನೆಯಲ್ಲಿ ಉದ್ದನೆಯ ದಿಬ್ಬ, ಅದರ ಬುಡಕ್ಕೆ ಬಂದಾಗ ಮಾವ ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿದರು. ಸ್ಟ್ಯಾಂಡಿನ ಕಾಲು ಊರುತ್ತಿದ್ದ ಜಾಗದಲ್ಲಿ ಸ್ವಿಚ್ಚೊಂದು ಸಿಕ್ಕಿತು. ಅದರ ಕೆಳತುದಿಯನ್ನು ಬೆರಳು ಮುಟ್ಟಿ, ಅಲ್ಲಿಂದ ಕೊಕ್ಕೆ ಸಿಕ್ಕಿಸುತ್ತಿದ್ದ ಸಂದಿಯವರೆಗೆ ಗೇಣು ಹಾಕಿದ ಹಾಗೆ ಅಳೆಯಿತು. ತಾವೇ ಬಗ್ಗಿಸಿದ ತಂತಿಯ ಅಳತೆ ಆ ಬೆರಳಿಗೆ ಮರೆಯುವಂಥದಲ್ಲ.

"ಇಲ್ಲಿ ನನ್ನ ಸ್ಟ್ಯಾಂಡ್ ಇತ್ತಲ್ಲ."

"ಇತ್ತು. ಸೀಟಿನ ಕೆಳಗಿದೆ."

"ಅದರ ಕಾಲು ಇದನ್ನ ಒತ್ಕೊಂಡಿತ್ತಾ?"

"ಒತ್ಕೊಂಡಿತ್ತು."

"ಮೊದಲ ದಿನದಿಂದ?"

"ಮೊದಲ ದಿನದಿಂದ."

ಮಾವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಚಹಾ ಮುಟ್ಟಿರಲಿಲ್ಲ. "ಅಂದ್ರೆ ಇಷ್ಟು ದಿನ ತಪ್ಪು ನಂದೇ."

ಛೆ, ಹಾಗೇನಿಲ್ಲ ಮಾವ, ಯಾರಿಗೆ ತಾನೆ ಗೊತ್ತಿತ್ತು, ನಾನೂ ನೋಡಬೇಕಿತ್ತು. ಈ ಮಾತುಗಳೆಲ್ಲ ಅವನ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತವು. ಬೆಳಿಗ್ಗೆ ಹುಡುಕಿಟ್ಟುಕೊಂಡಿದ್ದ ಖಾರದ ಮಾತುಗಳೂ ಬಂದವು. ಅವನು ಎರಡನ್ನೂ ಆಡಲಿಲ್ಲ.

"ಹೂಂ" ಎಂದ, ಇದ್ದದ್ದನ್ನು ಇದ್ದ ಹಾಗೆ.

ದಿಬ್ಬದ ಅರ್ಧದವರೆಗೆ ಎಂಜಿನ್ನಿನದೊಂದೇ ಮಾತು. ಗಾಡಿ ಎಲ್ಲೂ ತಡವರಿಸದೆ ಏರುತ್ತಿತ್ತು. ಮಾವ ತಲೆಯನ್ನು ಸ್ವಲ್ಪ ಓರೆ ಮಾಡಿ ಕಿವಿಗೊಟ್ಟು ಕೇಳುತ್ತಿದ್ದರು, ಜೀವಮಾನವಿಡೀ ಲಾರಿಗಳನ್ನು ಕೇಳಿದ ಕಿವಿ. ಆಮೇಲೆ ಚಹಾ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು:

"ಇನ್ನೊಂದು ಗೇರ್ ಹಾಕು. ಎಳೆಯುತ್ತೆ."

ಅವನು ಹಾಕಿದ. ಎಳೆಯಿತು.